ಮುಪ್ಪರಿಯದ ಮಹರ್ಷಿ ಕರ್ವೆ

ಚಿಂತೆಯೇ ಮುಪ್ಪು, ಸಂತೋಷವೇ ಯೌವನ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಹೇಳುತ್ತಾರೆ, ವೈದ್ಯರೂ ಹೇಳುತ್ತಾರೆ. ಆದರೆ ಗಾದೆಯನ್ನು ಹೇಳುವುದು ಸುಲಭ. ಅದು ಎಷ್ಟರ ಮಟ್ಟಿಗೆ ನಿಜವೆಂದು ಒರೆಹಚ್ಚಿ ನೋಡಬೇಕಾದರೆ ಮುಪ್ಪನ್ನು ಚೆನ್ನಾಗಿ ಬಾಳಿದವರೊಬ್ಬರ ಜೀವನವನ್ನೇ ತೆರೆದು ನೋಡಬೇಕು. ಅಂಥವರೆಂದರೆ ನಮಗೆ ಮೊದಲು ನೆನಪಾಗುವವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ವಿಷಯವಾಗಿ ಕಾಲೇಜು ಸಂಚಿಕೆಗಳಲ್ಲಿ ಬರೆದವರು ಬಹು ಮಂದಿ. ಅವರ ಸಾಲಿಗೆ ನಾನೂ ಸೇರಬೇಕಾಗಿಲ್ಲ. ವಿಶ್ವೇಶ್ವರಯ್ಯನವರು ನೂರು ದಾಟಿ ತೀರಿಕೊಂಡ 1962ರಲ್ಲಿಯೇ, ಅವರಿಗಿಂತಲೂ ವಯಸ್ಸಿನಲ್ಲಿ ಹಿರಿಯರಾದ ಮತ್ತೊಬ್ಬರು ಪುಣೆಯಲ್ಲಿ ಕಣ್ಮುಚ್ಚಿದರು. ಅವರು ಧೋಂಡೋ ಕೇಶವ ಕರ್ವೆ. ಬಾಳಿದ್ದು 104 ವರ್ಷ. ಅದರಲ್ಲಿ ಕೈಕಟ್ಟಿ ಕುಳಿತ ವರ್ಷಗಳನ್ನು ಹುಡುಕಿದರೆ ಸಿಕ್ಕುವುದು ಕಷ್ಟ. ಅವರಿಗೆ ಚಿಂತೆಗೆ ಕಾರಣಗಳು ಇರಲಿಲ್ಲವೆ? ಇದ್ದವು, ಬೇಕಾದಷ್ಟು ಇದ್ದವು. ಆದುದರಿಂದಲೇ ಅವರ ಕಥೆ ನನಗೆ ಮುಖ್ಯವೆಂದು ತೋರಿತು.

ಕರ್ವೆಯವರು ಹುಟ್ಟಿದ್ದು 1858ರ ಏಪ್ರಿಲ್ 18ರಂದು, ಕೊಂಕಣ ಸೀಮೆಯ ರತ್ನಾಗಿರಿ ಜಿಲ್ಲೆಯ ಶೇರವಲಿ ಎಂಬ ಹಳ್ಳಿಯಲ್ಲಿ. ಮನೆತನದ ಊರು ಸಮುದ್ರತೀರದ ಮುರುಡ್. ಮನೆತನ ದೊಡ್ಡದು, ಆದರೆ ಬಡತನ ಅದಕ್ಕಿಂತ ದೊಡ್ಡದು. ಹುಡುಗ ಮೆತ್ತಗಿನ ಸ್ವಭಾವದವನು, ನಾಲ್ಕು ಜನರ ಎದುರಿಗೆ ನಿಂತು ಮಾತನಾಡಲು ನಾಚುವವನು. ಈ ನಾಚಿಕೆ ಅವರನ್ನು ದೊಡ್ಡವರಾದ ಮೇಲೂ ಪೂರ್ತಿ ಬಿಟ್ಟುಹೋಗಲಿಲ್ಲ. ಇಂಥವರು ಮುಂದೆ ಹಣಕ್ಕಾಗಿ ಊರೂರು ಅಲೆದು ಸಾವಿರಾರು ಬಾಗಿಲು ತಟ್ಟಬೇಕಾಯಿತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಅವರ ಬಾಲ್ಯದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಆ ಕಾಲದಲ್ಲಿ ಆರನೆಯ ತರಗತಿಯ ಸಾರ್ವಜನಿಕ ಪರೀಕ್ಷೆ ಪಾಸಾದರೆ ಸಣ್ಣ ಸರ್ಕಾರಿ ನೌಕರಿಗೆ ದಾರಿಯಾಗುತ್ತಿತ್ತು. ಪರೀಕ್ಷೆಯ ಸ್ಥಳ ಸಾತಾರಾ. ಮುರುಡ್‌ನಿಂದ ಅಲ್ಲಿಗೆ ನೂರು ಮೈಲಿಗೂ ಮೇಲ್ಪಟ್ಟ ದಾರಿ. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ದೋಣಿಯ ದಾರಿ ಸಾಗಲಿಲ್ಲ. ಹುಡುಗನೂ ಅವನ ಗೆಳೆಯರೂ ಗಂಟು ಹೊತ್ತು ಕಾಲ್ನಡಿಗೆಯಲ್ಲಿಯೇ ಹೊರಟರು. ಸಹ್ಯಾದ್ರಿಯ ಘಟ್ಟ ಹತ್ತಿ, ತೊರೆಗಳನ್ನು ದಾಟಿ, ನಾಲ್ಕು ದಿನ ನಡೆದು ಸಾತಾರಾ ಸೇರಿದರು. ಪರೀಕ್ಷೆಗೆ ಕೂರಲು 17 ವರ್ಷ ತುಂಬಿರಬೇಕೆಂಬ ನಿಯಮ. ಹುಡುಗನಿಗೆ ತುಂಬಿತ್ತು. ಆದರೆ ಪರೀಕ್ಷಾಸಮಿತಿಯ ಹಿರಿಯರು ಅವನ ಸಣಕಲು ಮೈಯನ್ನು ನೋಡಿ ಇವನಿಗೆ ಅಷ್ಟು ವಯಸ್ಸಾಗಿರಲಾರದೆಂದು ತೀರ್ಮಾನಿಸಿ ಹಿಂದಕ್ಕೆ ಕಳುಹಿಸಿದರು. ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂತಿರುಗಬೇಕಾಯಿತು.

ನಮ್ಮ ಮನೆತನದಲ್ಲಿ ಪದವಿಯ ಪರೀಕ್ಷೆಗೆ ಕುಳಿತವಳು ನಾನೇ ಮೊದಲು. ಪ್ರವೇಶಪತ್ರ ಕೈಗೆ ಬರುವವರೆಗೆ ನಿದ್ದೆ ಹತ್ತದ ರಾತ್ರಿಗಳು ಹೇಗಿರುತ್ತವೆಂದು ನನ್ನಂಥವರಿಗೆ ಗೊತ್ತು. ಆದುದರಿಂದ ಈ ಭಾಗವನ್ನು ಓದಿದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕರ್ವೆಯವರು ಮಾಡಿದ್ದಿಷ್ಟೇ: ಮತ್ತೊಮ್ಮೆ ಅದೇ ಪರೀಕ್ಷೆಗೆ ಕುಳಿತು ಪಾಸು ಮಾಡಿದರು. ಅನ್ಯಾಯವಾಯಿತೆಂದು ಜೀವಮಾನವೆಲ್ಲ ಹೇಳಿಕೊಂಡು ತಿರುಗಲಿಲ್ಲ. ಮುಂದೆ ಇಂಗ್ಲಿಷ್ ಕಲಿತು ಮೆಟ್ರಿಕ್ಯುಲೇಷನ್ ಮುಗಿಸುವ ಹೊತ್ತಿಗೆ ವಯಸ್ಸು 23. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತವನ್ನು ಓದಿ ಬಿ.ಎ. ಪಡೆದದ್ದು 1884ರಲ್ಲಿ, 26ನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಅವರು ಗೃಹಸ್ಥರು, ಒಂದು ಗಂಡುಮಗುವಿನ ತಂದೆ. ಮನೆಪಾಠಗಳನ್ನು ಹೇಳಿ ಸಂಸಾರವನ್ನೂ ಓದನ್ನೂ ಒಟ್ಟಿಗೆ ಎಳೆದರು. ತಡವಾಯಿತೆಂಬ ಭಾವನೆ ಅವರನ್ನು ಎಂದೂ ಬಾಧಿಸಿದಂತೆ ಕಾಣುವುದಿಲ್ಲ. ಮುಂದೆ ಅವರು ಮಾಡಿದ ದೊಡ್ಡ ಕೆಲಸಗಳೆಲ್ಲ ಉಳಿದವರು ತಡವಾಯಿತೆನ್ನುವ ವಯಸ್ಸಿನಲ್ಲಿ ಆರಂಭವಾದವುಗಳೇ.

1891ರಲ್ಲಿ ಎರಡು ಘಟನೆಗಳು ನಡೆದವು. ಬಾಲ್ಯದಲ್ಲಿಯೇ ಕೈಹಿಡಿದಿದ್ದ ಮಡದಿ ರಾಧಾಬಾಯಿ ತೀರಿಕೊಂಡರು. ಅದೇ ವರ್ಷ, ಕಾಲೇಜಿನಲ್ಲಿ ಸಹಪಾಠಿಗಳಾಗಿದ್ದ ಗೋಪಾಲಕೃಷ್ಣ ಗೋಖಲೆಯವರ ಕರೆಯ ಮೇರೆಗೆ ಕರ್ವೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. ಆ ಸಂಸ್ಥೆಯ ಆಜೀವ ಸದಸ್ಯರು ಅಲ್ಪ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿಯುವ ವ್ರತ ತೊಡಬೇಕಾಗಿತ್ತು. ಕರ್ವೆಯವರು ಅದನ್ನು ತೊಟ್ಟರು; 1914ರವರೆಗೂ ಅಲ್ಲಿಯೇ ಇದ್ದರು.

ಮಡದಿ ಹೋದ ಮೇಲೆ ಮತ್ತೆ ಮದುವೆಯಾಗುವುದಾದರೆ ವಿಧವೆಯನ್ನೇ ಆಗಬೇಕೆಂದು ನಿಶ್ಚಯಿಸಿದರು. ಆ ಕಾಲದಲ್ಲಿ ಮೂವತ್ತು ದಾಟಿದ ವಿಧುರನಿಗೆ ಹತ್ತು ಹನ್ನೆರಡು ವರ್ಷದ ಕನ್ಯೆ ಸಿಕ್ಕುವುದು ಕಷ್ಟವಾಗಿರಲಿಲ್ಲ. ಎಂಟು ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳಿಗೆ ಮಾತ್ರ ಜೀವನವೇ ಮುಗಿದಂತೆ. ಗೋದೂಬಾಯಿ ಅಂಥವರು, ಕರ್ವೆಯವರ ಗೆಳೆಯರೊಬ್ಬರ ತಂಗಿ. ಪಂಡಿತಾ ರಮಾಬಾಯಿಯವರ ಶಾರದಾಸದನದ ಮೊದಲ ವಿಧವಾ ವಿದ್ಯಾರ್ಥಿನಿ. (ಈ ರಮಾಬಾಯಿಯವರು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ಕರ್ವೆಯವರಿಗಿಂತ ಐದೇ ದಿನ ಚಿಕ್ಕವರು.) 1893ರ ಮಾರ್ಚ್ 11ರಂದು ಮದುವೆ ನಡೆಯಿತು. ಗೋದೂಬಾಯಿ ಆನಂದಿಬಾಯಿಯಾದರು, ಮುಂದೆ ಎಲ್ಲರ ಬಾಯಲ್ಲಿ ಬಾಯಾ ಕರ್ವೆಯಾದರು.

ಮುರುಡ್ ಕೆರಳಿತು. ಊರಿನವರು ಸಭೆ ಸೇರಿ ಕರ್ವೆಯವರಿಗೆ ಬಹಿಷ್ಕಾರ ಹಾಕಿದರು. ಅವರನ್ನು ಮನೆಗೆ ಸೇರಿಸಿಕೊಂಡರೆ ತಾಯಿಗೂ ಅಣ್ಣನಿಗೂ ಅದೇ ಗತಿ. ಹೆತ್ತ ತಾಯಿಯ ಮನೆಯಲ್ಲಿ ಮಗ ಉಣ್ಣುವಂತಿಲ್ಲ. ತಾನು ಯಾವ ಊರಿನ ಏಳಿಗೆಗಾಗಿ ಸ್ನೇಹಿತರೊಡನೆ ನಿಧಿಯೊಂದನ್ನು ಕಟ್ಟಿ ಪೈಸೆ ಪೈಸೆ ಕೂಡಿಸಿದ್ದರೋ ಅದೇ ಊರು ಬಾಗಿಲು ಹಾಕಿಕೊಂಡಿತು. ಇಂತಹ ಅವಮಾನವನ್ನು ನುಂಗಿದವರು ಎರಡರಲ್ಲಿ ಒಂದು ದಾರಿ ಹಿಡಿಯುವುದನ್ನು ಲೋಕದಲ್ಲಿ ನೋಡುತ್ತೇವೆ. ಒಳಗೊಳಗೇ ಕುದಿದು ಕಹಿಯಾಗುತ್ತಾರೆ. ಇಲ್ಲವೆ ಹೊರಗೆ ಬಿದ್ದು ಜಗಳಕ್ಕೆ ನಿಲ್ಲುತ್ತಾರೆ. ಎರಡರಲ್ಲಿಯೂ ಸವೆಯುವುದು ತಮ್ಮ ಮೈಯೇ. ಕರ್ವೆಯವರು ಎರಡನ್ನೂ ಮಾಡಲಿಲ್ಲ. ಪುಣೆಗೆ ಹಿಂತಿರುಗಿ ಪಾಠ ಹೇಳಿದರು. ಅದೇ ವರ್ಷ ವಿಧವಾವಿವಾಹಕ್ಕೆ ನೆರವಾಗುವ ಮಂಡಳಿಯೊಂದನ್ನು ಕಟ್ಟಿದರು. ಒಬ್ಬಿಬ್ಬರ ಮದುವೆಯಿಂದ ಈ ರೋಗ ವಾಸಿಯಾಗದು, ವಿಧವೆಯರಿಗೆ ವಿದ್ಯೆ ಬೇಕೆಂದು ಕಂಡುಕೊಂಡು 1896ರಲ್ಲಿ ಪುಣೆಯಲ್ಲಿ ಅನಾಥ ಬಾಲಿಕಾಶ್ರಮವನ್ನು ತೆರೆದರು. ಸಂಪ್ರದಾಯಸ್ಥರೂ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಲೆಂದು ಆಶ್ರಮವನ್ನು ವಿವಾಹದ ಪ್ರಚಾರದಿಂದ ಬೇರೆಯಾಗಿಯೇ ಇಟ್ಟರು. ಇದರಿಂದ ಸುಧಾರಕರಲ್ಲಿ ಕೆಲವರೂ ಮುನಿದರು. ಅತ್ತ ದರಿ, ಇತ್ತ ಪುಲಿ. ಅವರು ನಡುವಿನ ಕಾಲುದಾರಿಯಲ್ಲಿ ನಡೆದರು.

ಕಾಲುದಾರಿ ಎಂದದ್ದು ಬರಿಯ ಅಲಂಕಾರಕ್ಕಲ್ಲ. 1900ರಲ್ಲಿ ಆಶ್ರಮ ಪುಣೆಯಿಂದ ಮೂರು ನಾಲ್ಕು ಮೈಲಿ ದೂರದ ಹಿಂಗಣೆ ಎಂಬ ಹಳ್ಳಿಗೆ ಹೋಯಿತು. ಉದಾರಿಗಳೊಬ್ಬರು ಕೊಟ್ಟ ಆರು ಎಕರೆ ಭೂಮಿ, ಅದರಲ್ಲಿ 500 ರೂಪಾಯಿ ಖರ್ಚಿನಲ್ಲಿ ಕಟ್ಟಿದ ಒಂದು ಗುಡಿಸಲು. ಊಟದ ಮನೆ, ಪಾಠದ ಮನೆ, ಮಲಗುವ ಮನೆ ಎಲ್ಲ ಅದೇ. ಕರ್ವೆಯವರು ಹಗಲು ಕಾಲೇಜಿನಲ್ಲಿ ಗಣಿತ ಹೇಳಿ, ಸಂಜೆ ಆಶ್ರಮಕ್ಕೆ ಬೇಕಾದ ಸಾಮಾನನ್ನು ಹೊತ್ತುಕೊಂಡು ಹಿಂಗಣೆಗೆ ನಡೆಯುವರು. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಕೆಸರು. ರಾತ್ರಿ ಆಶ್ರಮದ ಹುಡುಗಿಯರಿಗೆ ಪಾಠ, ಬೆಳಿಗ್ಗೆ ಮತ್ತೆ ಪುಣೆಗೆ ನಡಿಗೆ. ವಯಸ್ಸು ನಲವತ್ತೆರಡು. ವರ್ಷಗಟ್ಟಲೆ ಹೀಗೆ ನಡೆಯಿತು. ದಾರಿಯಲ್ಲಿ ಜನ ಹಂಗಿಸುತ್ತಿದ್ದರು. ದಿನಕ್ಕೆ ಏಳೆಂಟು ಮೈಲಿ ನಡೆಯುವವರಿಗೆ ದೇಹ ಗಟ್ಟಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ಹಂಗಿಸಿದ ಮಾತು ಆ ನಡಿಗೆಯಲ್ಲಿಯೇ ಇಳಿದುಹೋಗಿರಬೇಕೆಂದು ನನ್ನ ಊಹೆ. ಮನೆ ಸೇರುವ ಹೊತ್ತಿಗೆ ಹೊತ್ತ ಅಕ್ಕಿಬೇಳೆಯ ಗಂಟು ಮಾತ್ರ ಉಳಿದಿರುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಚರಿತ್ರೆ ಅಂದವಾಗಿ ಕಾಣುತ್ತದೆ. ಕರ್ವೆಯವರ ವಿಷಯವಾಗಿ ಬರೆದ ಹಲವು ಲೇಖನಗಳು ಇಲ್ಲಿಂದ ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಹಾರುತ್ತವೆ. ನನಗೆ ಹಾಗೆ ಹಾರಲು ಮನಸ್ಸು ಬರುವುದಿಲ್ಲ. ಕರ್ವೆಯವರು ಚಿಂತೆಯಿಲ್ಲದೆ ಇದ್ದರಲ್ಲ, ಆ ಚಿಂತೆಗಳೆಲ್ಲ ಎಲ್ಲಿಗೆ ಹೋದವು? ಅದರಲ್ಲಿ ಬಹುಪಾಲು ಬಾಯಾ ಅವರ ತಲೆಯ ಮೇಲೆ ಬಂದು ಕುಳಿತಿತ್ತು. ಗಂಡ ಕೂಡಿಟ್ಟ ಹಣವನ್ನು ಆಶ್ರಮಕ್ಕೆ ಕೊಟ್ಟರು. ಕೊನೆಗೆ ತಮ್ಮ ಜೀವವಿಮೆಯನ್ನೂ ಆಶ್ರಮದ ಹೆಸರಿಗೆ ಬರೆದುಕೊಟ್ಟರು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಹೆಂಡತಿಯ ಪಾಲಿಗೆ. ಬಾಯಾ ಜಗಳವಾಡಿದರು, ಆಡಬೇಕಾದದ್ದೇ. ಜಗಳವಾಡಿ ಸುಮ್ಮನಾಗಲಿಲ್ಲ, ಸೂಲಗಿತ್ತಿಯ ವಿದ್ಯೆಯನ್ನು ಕಲಿತು ದುಡಿದರು, ಮನೆಯಲ್ಲಿ ಪರರ ಮಕ್ಕಳನ್ನು ಇಟ್ಟುಕೊಂಡು ಅನ್ನ ಹಾಕಿದರು, ಸೆರಗೊಡ್ಡಿ ಆಶ್ರಮಕ್ಕಾಗಿ ವಂತಿಗೆಯನ್ನೂ ಕೂಡಿಸಿದರು. ಅವರು ಬರೆದ ಆತ್ಮಕಥೆಯ ಹೆಸರು ಮಾಝೆ ಪುರಾಣ್, ಎಂದರೆ ನನ್ನ ಪುರಾಣ. ಅದು ಅಚ್ಚಾದದ್ದು 1944ರಲ್ಲಿ. ಮಹರ್ಷಿಯ ಸಂಸಾರ ಒಳಗಿನಿಂದ ಹೇಗಿತ್ತೆಂಬುದನ್ನು ಅರಿಯಬಯಸುವವರು ಅದನ್ನು ಬಿಡಬಾರದು. ಗಂಡನಂತೆ ಮೌನಿಯಲ್ಲದ, ಕೋಪ ಬಂದರೆ ಆಡಿಯೇ ತೀರುವ ಈ ಹೆಂಗಸೂ ಎಂಬತ್ತು ದಾಟಿ ಬದುಕಿದರು. ಆದುದರಿಂದ ಶಾಂತರಾದವರು ಮಾತ್ರ ಬಹುಕಾಲ ಬಾಳುತ್ತಾರೆಂದು ಯಾರೂ ಅವಸರದಲ್ಲಿ ಹೇಳಬಾರದು. ಇಬ್ಬರಿಗೂ ಸಮಾನವಾಗಿದ್ದದ್ದು ಒಂದೇ: ಕೊರಗುತ್ತ ಕೂರಲು ಇಬ್ಬರಿಗೂ ಬಿಡುವಿರಲಿಲ್ಲ.

ಈ ಕಾಲದ ವೈದ್ಯಶಾಸ್ತ್ರವೂ ಇಂತಹ ವಿಷಯಗಳನ್ನು ಗಾದೆಗೆ ಬಿಡದೆ ಲೆಕ್ಕ ಹಾಕಿ ನೋಡುತ್ತಿದೆ. ಮನಸ್ಸಿನ ಮೇಲೆ ಒತ್ತಡ ಬಿದ್ದಾಗ ದೇಹದಲ್ಲಿ ಕಾರ್ಟಿಸಾಲ್ ಮೊದಲಾದ ರಸಗಳು ಹೆಚ್ಚುತ್ತವೆ. ರಕ್ತದ ಒತ್ತಡ ಏರುತ್ತದೆ. ಆಪತ್ತು ಬಂದ ಗಳಿಗೆಯಲ್ಲಿ ಇದು ಒಳ್ಳೆಯದೇ, ಓಡಲು ಬಲ ಕೊಡುತ್ತದೆ. ಆಪತ್ತು ಕಳೆದ ಮೇಲೂ ಮನಸ್ಸು ಅದನ್ನೇ ಮೆಲುಕು ಹಾಕುತ್ತಿದ್ದರೆ ದೇಹ ಇಳಿಯಬೇಕಾದ ಮಟ್ಟಕ್ಕೆ ಇಳಿಯುವುದೇ ಇಲ್ಲ. ನಿದ್ದೆ ಕೆಡುತ್ತದೆ, ವರ್ಷಗಳು ಉರುಳಿದಂತೆ ಹೃದಯವೂ ರಕ್ತನಾಳಗಳೂ ಬಳಲುತ್ತವೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಬೆಕ್ಕಾ ಲೆವಿ ಎಂಬ ವಿದುಷಿಯೂ ಅವರ ಸಂಗಡಿಗರೂ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಹಾಯೋ ಪ್ರಾಂತದಲ್ಲಿ 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 660 ಮಂದಿಯನ್ನು ಅವರ ಮುಪ್ಪಿನ ವಿಷಯವಾಗಿ ಅವರ ಭಾವನೆಯೇನೆಂದು ಬಹಳ ಹಿಂದೆಯೇ ಕೇಳಿ ಬರೆದಿಟ್ಟಿದ್ದರು. ವಯಸ್ಸಾಗುವುದನ್ನು ಒಳ್ಳೆಯ ಮನಸ್ಸಿನಿಂದ ಕಂಡವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಆದಾಯ, ಆರೋಗ್ಯ, ಒಂಟಿತನ ಮುಂತಾದವುಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧ ಉಳಿಯಿತು. ಇದರಿಂದ ಮನಸ್ಸೊಂದಿದ್ದರೆ ಸಾಕು, ಔಷಧ ಬೇಡ ಎಂದು ತಿಳಿಯುವುದು ಹುಂಬತನ. ವಂಶದ ಗುಣವುಂಟು, ಅನ್ನ ನೀರು ಉಂಟು, ಅದೃಷ್ಟವೂ ಉಂಟು. ಕರ್ವೆಯವರಿಗೆ ಐದು ದಿನಕ್ಕೆ ಚಿಕ್ಕವರಾದ ರಮಾಬಾಯಿಯವರು ಧೈರ್ಯದಲ್ಲಿಯೂ ಆಶಾಭಾವದಲ್ಲಿಯೂ ಯಾರಿಗೂ ಕಡಿಮೆಯಾಗಿರಲಿಲ್ಲ. ಆದರೂ 1922ರಲ್ಲಿ, 64 ತುಂಬುವ ಮುನ್ನವೇ ತೀರಿಕೊಂಡರು.

ಈಗ ಕರ್ವೆಯವರ ಮುಪ್ಪಿಗೆ ಬರೋಣ. ಮುಪ್ಪೆಂದು ಯಾವುದನ್ನು ಕರೆಯಬೇಕೋ ತಿಳಿಯದು. 1915ರ ಕೊನೆಯಲ್ಲಿ ಮುಂಬಯಿಯ ಸಾಮಾಜಿಕ ಪರಿಷತ್ತಿಗೆ ಅವರು ಅಧ್ಯಕ್ಷರು. ಅದಕ್ಕೆ ಮೊದಲು ಜಪಾನಿನ ಮಹಿಳಾ ವಿಶ್ವವಿದ್ಯಾನಿಲಯವನ್ನು ಕುರಿತ ಒಂದು ಪುಸ್ತಿಕೆ ಅಂಚೆಯಲ್ಲಿ ಬಂದಿತ್ತು. ಅದು ಅವರ ತಲೆಯಲ್ಲಿ ಬೀಜವಾಗಿ ಬಿದ್ದಿತು. 1916ರಲ್ಲಿ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾನಿಲಯ ಹಿಂಗಣೆಯಲ್ಲಿ ಆರಂಭವಾಯಿತು. ವಿದ್ಯಾರ್ಥಿನಿಯರು ಬೆರಳಲ್ಲಿ ಎಣಿಸುವಷ್ಟು, ಬೋಧನೆ ಮಾತೃಭಾಷೆಯಲ್ಲಿ, ಸರ್ಕಾರದ ಮನ್ನಣೆ ಇಲ್ಲ. ಸ್ಥಾಪಕರ ವಯಸ್ಸು 58, ಅಂದರೆ ನಮ್ಮಲ್ಲಿ ಪಿಂಚಣಿಯ ಕಾಗದಗಳನ್ನು ಜೋಡಿಸಿಕೊಳ್ಳುವ ವಯಸ್ಸು. ನಾಲ್ಕು ವರ್ಷಗಳ ಮೇಲೆ, 1920ರಲ್ಲಿ, ಮುಂಬಯಿಯ ವರ್ತಕರಾದ ವಿಠಲದಾಸ ಠಾಕರ್ಸೀ ಅವರು 15 ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿ ತಮ್ಮ ತಾಯಿಯ ಹೆಸರನ್ನು ಇಡಿಸಿದರು. ಅದೇ ಇಂದಿನ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾನಿಲಯ. ಪೂರ್ಣವಾದ ಶಾಸನಬದ್ಧ ಮನ್ನಣೆ ಸಿಕ್ಕಿದ್ದು ಸ್ವಾತಂತ್ರ್ಯ ಬಂದ ಮೇಲೆ. ಮೂವತ್ತು ವರ್ಷಗಳಿಗೂ ಮೀರಿ ಕಾದ ಈ ಮನುಷ್ಯನ ತಾಳ್ಮೆಯನ್ನು ಅಳೆಯುವ ಗಣಿತ ಯಾವುದೋ!

1929ರಲ್ಲಿ, 71ನೆಯ ವಯಸ್ಸಿನಲ್ಲಿ, ವಿಶ್ವವಿದ್ಯಾನಿಲಯದ ಪ್ರಚಾರಕ್ಕೂ ಧನಸಂಗ್ರಹಕ್ಕೂ ಹಡಗು ಹತ್ತಿದರು. ಯೂರೋಪು, ಅಮೆರಿಕ, ಜಪಾನುಗಳನ್ನು ಸುತ್ತಿ, ಬರ್ಲಿನ್ನಿನಲ್ಲಿ ಐನ್‌ಸ್ಟೈನರನ್ನು ಕಂಡು, 1930ರಲ್ಲಿ ಹಿಂತಿರುಗಿದರು. ಅದೇ ವರ್ಷದ ಕೊನೆಗೆ ಆಫ್ರಿಕಕ್ಕೆ ಹೊರಟರು; ಕೀನ್ಯಾದಿಂದ ದಕ್ಷಿಣ ಆಫ್ರಿಕದವರೆಗೆ ಭಾರತೀಯರಿದ್ದ ಊರುಗಳಲ್ಲಿ ವರ್ಷಕ್ಕೂ ಮೇಲ್ಪಟ್ಟು ಅಲೆದರು. ಇನ್ನಾದರೂ ಸಾಕೆನ್ನಬಹುದಿತ್ತು. 78ರಲ್ಲಿ, ಎಂದರೆ 1936ರಲ್ಲಿ, ಶಾಲೆಯಿಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ತೆರೆಯಲು ಒಂದು ಸಂಘ ಕಟ್ಟಿ, ತಮ್ಮ ಅಲ್ಪ ಪಿಂಚಣಿಯಿಂದ ಅದಕ್ಕೆ ಕೊಟ್ಟು, ಪುಣೆಯ ಬೀದಿಗಳಲ್ಲಿ ಮನೆಮನೆಗೆ ನಡೆದು ವಂತಿಗೆ ಎತ್ತಿದರು. 86ರಲ್ಲಿ, 1944ರಲ್ಲಿ, ಜಾತಿಭೇದ ಅಳಿದು ಮನುಷ್ಯರೆಲ್ಲ ಸಮಾನರಾಗಬೇಕೆಂದು ಸಮತಾ ಸಂಘ. ವಿಧವೆಯರಿಂದ ಎಲ್ಲ ಹೆಂಗಸರಿಗೆ, ಅಲ್ಲಿಂದ ಹಳ್ಳಿಯ ಮಕ್ಕಳಿಗೆ, ಅಲ್ಲಿಂದ ಎಲ್ಲ ಜಾತಿಗಳಿಗೆ. ಸಾಮಾನ್ಯವಾಗಿ ವಯಸ್ಸಾದಂತೆ ಮನುಷ್ಯನ ಪ್ರಪಂಚ ಜಗಲಿಗೆ, ಜಗಲಿಯಿಂದ ಮಂಚಕ್ಕೆ ಕುಗ್ಗುತ್ತದೆ. ಇವರದು ಹಿಗ್ಗುತ್ತ ಹೋಯಿತು. ಒಂದು ಸಂಸ್ಥೆ ಕಾಲ ಮೇಲೆ ನಿಂತೊಡನೆ ಅದನ್ನು ಇತರರ ಕೈಗೆ ಒಪ್ಪಿಸಿ ತಾವು ಮುಂದಿನದಕ್ಕೆ ನಡೆಯುತ್ತಿದ್ದರು. ತಮ್ಮ ಗುಟ್ಟು ಏನಾದರೂ ಇದ್ದರೆ ಅದು ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಕಟ್ಟಿದ್ದನ್ನು ಹಿಡಿದುಕೊಂಡು ಕೂತವರಿಗೆ ಅದು ಕೈತಪ್ಪುವ ಭಯ, ಭಯವಿದ್ದಲ್ಲಿ ನಿದ್ದೆಯಿಲ್ಲ.

ಮುಪ್ಪಿನ ನಷ್ಟಗಳು ಅವರನ್ನು ಬಿಡಲಿಲ್ಲ. 1950ರ ನವೆಂಬರಿನಲ್ಲಿ ಬಾಯಾ ಹೋದರು. ಐವತ್ತೇಳು ವರ್ಷಗಳ ದಾಂಪತ್ಯ. ಮೂರು ವರ್ಷದ ಮೇಲೆ ಹಿರಿಯ ಮಗ ರಘುನಾಥರು ತೀರಿಕೊಂಡರು. ಈ ರಘುನಾಥರೂ ಸಾಮಾನ್ಯರಲ್ಲ. ಸಂತಾನನಿಯಂತ್ರಣದ ಮಾತು ಬಾಯಿಗೆ ಬರಬಾರದೆಂದಿದ್ದ ಕಾಲದಲ್ಲಿ ಅದಕ್ಕಾಗಿ ಸಮಾಜಸ್ವಾಸ್ಥ್ಯ ಎಂಬ ಪತ್ರಿಕೆಯನ್ನು 1927ರಿಂದ ಸಾಯುವವರೆಗೂ ನಡೆಸಿ ಸಮಾಜದ ಕೋಪಕ್ಕೆ ಗುರಿಯಾದವರು. ತೊಂಬತ್ತೈದರ ತಂದೆ ಎಪ್ಪತ್ತೊಂದರ ಮಗನನ್ನು ಕಳೆದುಕೊಂಡರು. ದೀರ್ಘಾಯುಷ್ಯವೆಂದು ನಾವು ಹರಸುವಾಗ ಇದನ್ನು ಯಾರೂ ನೆನೆಯುವುದಿಲ್ಲ.

ಗೌರವಗಳು ತಡವಾಗಿ, ಒಟ್ಟಿಗೇ ಬಂದವು. 1955ರಲ್ಲಿ ಪದ್ಮವಿಭೂಷಣ, 1958ರಲ್ಲಿ ಭಾರತರತ್ನ. ನೂರು ತುಂಬಿದ ದಿನ, 1958ರ ಏಪ್ರಿಲ್ 18ರಂದು, ಮುಂಬಯಿಯ ಬ್ರಾಬೋರ್ನ್ ಕ್ರೀಡಾಂಗಣದಲ್ಲಿ ಪ್ರಧಾನಿ ನೆಹರೂ ಅವರ ಸಮಕ್ಷಮದಲ್ಲಿ ಸಭೆ ನಡೆಯಿತು. ಅಂದು ಸರ್ಕಾರ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಸ್ವತಂತ್ರ ಭಾರತದಲ್ಲಿ ಬದುಕಿರುವಾಗಲೇ ಅಂಚೆಚೀಟಿಯ ಮೇಲೆ ಬಂದವರಲ್ಲಿ ಅವರೇ ಮೊದಲಿಗರು. ಎರಡು ವರ್ಷಗಳ ಮೇಲೆ ನಮ್ಮ ವಿಶ್ವೇಶ್ವರಯ್ಯನವರಿಗೂ ಅದೇ ಗೌರವ ದೊರೆಯಿತು. ಸಾತಾರಾದಲ್ಲಿ ವಯಸ್ಸು ಸಾಲದೆಂದು ಹಿಂದಕ್ಕೆ ಕಳುಹಿಸಿಕೊಂಡ ಹುಡುಗ ಅಂದು ಆ ಸಭೆಯಲ್ಲಿದ್ದ ಎಲ್ಲರಿಗಿಂತ ಹಿರಿಯನಾಗಿ ಕುಳಿತಿದ್ದನೆಂದು ನೆನೆದರೆ ನಗು ಬರುತ್ತದೆ. ಅವರಿಗೂ ಬಂದಿತ್ತೋ ಏನೋ.

1962ರ ನವೆಂಬರ್ 9ರಂದು ಪುಣೆಯಲ್ಲಿ ಕರ್ವೆಯವರು ತೀರಿಕೊಂಡರು. ಹಿಂಗಣೆ ಈಗ ಹಳ್ಳಿಯಲ್ಲ; ಪುಣೆ ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅಲ್ಲಿಗೆ ಕರ್ವೆನಗರವೆಂದು ಹೆಸರು. ಗುಡಿಸಲಿನಲ್ಲಿ ಆರಂಭವಾದ ಸಂಸ್ಥೆ ಅಲ್ಲಿಯೇ ಇದೆ. ಹೆಣ್ಣುಮಕ್ಕಳು ಅಲ್ಲಿ ಈಗ ಎಂಜಿನಿಯರಿಂಗನ್ನೂ ಓದುತ್ತಾರೆ.